ಅಪ್‌ಡೇಟ್: ಅಡುಗೆಮನೆಯ ಪೈಪ್ ಈ ಸಲ ಹೆಪ್ಪುಗಟ್ಟಲಿಲ್ಲ

ಹೊರಗೋಡೆಗೆ ಅಂಟಿಕೊಂಡಿರೋ ಅಡುಗೆಮನೆ ಪೈಪ್ ವಿಪರೀತ ಚಳಿಯಲ್ಲಿ ಹೆಪ್ಪುಗಟ್ಟದ ಹಾಗೆ ಏನು ಮಾಡೋದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈನಸ್ 15 ಡಿಗ್ರಿಗೆ ಇಳಿದ ರಾತ್ರಿಯಲ್ಲೂ ನೀರು ನಿಲ್ಲಲಿಲ್ಲ.

ಗಾಳಿ ಎಲ್ಲಿಂದ ಬರ್ತಿದೆ ಮೊದಲು ನೋಡಿ ಅಂದವರ ಮಾತೇ ಹೆಚ್ಚು ಉಪಯೋಗಕ್ಕೆ ಬಂತು. ಸಿಂಕ್ ಕೆಳಗೆ, ಪೈಪ್ ಗೋಡೆಯೊಳಕ್ಕೆ ಹೋಗೋ ತೂತಿನ ಸುತ್ತ ಬೆರಳು ತೂರುವಷ್ಟು ಸಂದು. ಕೈ ಇಟ್ಟರೆ ಕೊರೆಯೋ ಗಾಳಿ! ಅದನ್ನು ಫೋಮ್ ತುಂಬಿ ಮುಚ್ಚಿ, ಪೈಪಿಗೂ ತಿರುವುಗಳಲ್ಲಿ ಸಂದು ಉಳಿಯದಂತೆ ಫೋಮ್ ಕವಚ ಹಾಕಿದೆ. ಆದರೆ ಕವಚ ತಾನಾಗಿ ಬಿಸಿ ಕೊಡಲ್ಲ, ತಣ್ಣಗಾಗೋದನ್ನು ನಿಧಾನ ಮಾಡುತ್ತೆ ಅಷ್ಟೇ. ಹಾಗಾಗಿ ಮನೆಯೊಳಗಿನ ಬಿಸಿ ಪೈಪಿಗೂ ತಲುಪಲಿ ಅಂತ ರಾತ್ರಿ ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡ್ತೀನಿ. ಊರಿಗೆ ಹೋದರೂ ಹೀಟರ್ 13 ಡಿಗ್ರಿಗಿಂತ ಕೆಳಗಿಳಿಸಲ್ಲ.

ನಲ್ಲಿ ಸಣ್ಣಗೆ ಬಿಡೋದು ನೀರು ದಂಡ ಅಂತ ಒಬ್ಬರು ಬರೆದಿದ್ದರು. ಕಡುಚಳಿಯ ರಾತ್ರಿ ಮಾತ್ರ ಬಿಡಿ, ಆದರೆ ಖಂಡಿತ ಬಿಡಿ. ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡವೇ ಸಾಮಾನ್ಯವಾಗಿ ಪೈಪ್ ಒಡೆಯೋದು. ನಲ್ಲಿ ತೆರೆದಿದ್ದರೆ ಆ ಒತ್ತಡಕ್ಕೆ ದಾರಿ ಇರುತ್ತೆ.

ಹೊರಗಿನ ನಲ್ಲಿಗೆ ಒಳಗಿನ ವಾಲ್ವ್ ಬಂದ್ ಮಾಡಿ, ಪೈಪ್ ಪೂರ್ತಿ ಖಾಲಿ ಮಾಡಿದ್ದೀನಿ.

ಈಗಾಗಲೇ ಹೆಪ್ಪುಗಟ್ಟಿದೆ ಅಂತ ಕೇಳಿದವರಿಗೆ: ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ ಹೇರ್ ಡ್ರೈಯರ್ ಹಿಡಿಯಿರಿ. ನೀರು ಚೆಲ್ಲಿದ ಕಡೆ ಅದು ಬೇಡ, ಬೆಂಕಿಯಂತೂ ಬೇಡವೇ ಬೇಡ. ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಯವರಿಗೆಲ್ಲ ಇವತ್ತೇ ತೋರಿಸಿಡಿ.