ದಿನಕ್ಕೆ 20 ನಿಮಿಷದ ಯೋಗ ಸಾಧನೆ: ಆಸನವೋ ಧ್ಯಾನವೋ? ಅನುಭವ ಹೇಳಿ

ದಾವಣಗೆರೆ ಗೃಹಿಣಿ: ವಯಸ್ಸು 41. ಬೆಳಿಗ್ಗೆ 5ಕ್ಕೆ ಎದ್ದರೆ ನನ್ನದು ಅಂತ ಸಿಗುವುದು 20 ನಿಮಿಷ. ತೂಕ ಇಳಿಸುವುದಕ್ಕಲ್ಲ, ಮನಸ್ಸಿಗಾಗಿ ಯೋಗ ಮಾಡಬೇಕು. ಆಸನ ಮಾಡಲೋ, ಧ್ಯಾನಕ್ಕೆ ಕೂರಲೋ?

ಮೈಸೂರಿನವನು: ನಾನು 9 ವರ್ಷ ಅಷ್ಟಾಂಗ ವಿನ್ಯಾಸ (ಉಸಿರಿನ ಜೊತೆ ಒಂದರ ಹಿಂದೊಂದು ಆಸನ ಮಾಡುವ ಪದ್ಧತಿ) ಮಾಡಿದವನು. ಶುಲ್ಕ ತಿಂಗಳಿಗೆ 3,500. ಮೂರನೇ ವರ್ಷ, ಕಾಲು ಮಡಚಿ ಕೂರುವ ಮರೀಚ್ಯಾಸನದಲ್ಲಿ ಹೇಳಿಕೊಡುವವರು ಒತ್ತಿದರು, ಎಡಮಂಡಿ ಕಳಕ್ ಅಂತು. ಎಂಆರ್‌ಐಗೆ 6,800. ಫಿಸಿಯೋಥೆರಪಿ 22 ಸಲ, ಸಲಕ್ಕೆ 400. ಏಳು ತಿಂಗಳು ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲಾಗಲಿಲ್ಲ. ಆದರೂ ಬಿಡಲಿಲ್ಲ. ಅಪ್ಪ ತೀರಿಕೊಂಡ ವಾರ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೂರ್ಯನಮಸ್ಕಾರವೇ. ಆಸನ ಮಾಡಿ.

ಶಿವಮೊಗ್ಗದ ನಿವೃತ್ತ ಮೇಷ್ಟ್ರು: ಮಂಡಿ ಕೆಡಿಸಿಕೊಳ್ಳುವುದು ಯೋಗ ಅಲ್ಲ ಸ್ವಾಮಿ. ಯೋಗಸೂತ್ರದಲ್ಲಿ ಪತಂಜಲಿ ಆಸನಕ್ಕೆ ಕೊಟ್ಟಿದ್ದು ಮೂರೇ ಸೂತ್ರ. ಮೊದಲನೆಯದು ‘ಸ್ಥಿರಸುಖಮಾಸನಮ್’. ಅಲುಗದೆ, ಹಾಯಾಗಿ ಕೂರುವುದು, ಅಷ್ಟೇ. ಬಿಪಿ ಬಂದ ಮೇಲೆ, 2014ರಲ್ಲಿ, ನಾನು ಜಪಕ್ಕೆ ಕೂತೆ. ಎರಡು ವರ್ಷ ಬರೀ ತೂಕಡಿಕೆ. ಜಪಮಣಿ ಕೈಯಿಂದ ಜಾರಿ ಬೀಳುತ್ತಿತ್ತು. ಈಗ ದಿನಕ್ಕೆ 108. ಸೂತಕ ಬಿಟ್ಟರೆ ಒಂದು ದಿನ ತಪ್ಪಿಲ್ಲ. ಅಂದ ಹಾಗೆ, ಅಪ್ಪ ಹೋದ ವಾರ ಸೂತಕ ಅಲ್ವಾ? ಆಗ ಸೂರ್ಯನಮಸ್ಕಾರ ಮಾಡಬಹುದೇ?

ಮೈಸೂರಿನವನು: ಮೇಷ್ಟ್ರೇ, ಮಂತ್ರ ಹೇಳಲಿಲ್ಲ. ಉಸಿರಿನ ಜೊತೆ ಬಗ್ಗಿ ಎದ್ದೆ, ಅಷ್ಟೇ. ಉಸಿರಿಗೂ ಸೂತಕವೇ? ಪತಂಜಲಿ ಹೇಳಿದ ಯೋಗದ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಅಹಿಂಸೆ ಅದಕ್ಕೂ ಮೊದಲೇ, ಯಮ ಅನ್ನುವ ಮೊದಲ ಅಂಗದಲ್ಲೇ (ನಡತೆಯ ಕಟ್ಟುಪಾಡು) ಬರುತ್ತದೆ. ನಿಮ್ಮ ಮಾತು ನನಗೆ ಚುಚ್ಚಿತು.

ಬೆಂಗಳೂರು, ಐಟಿ ಕೆಲಸ: ನಾನು 65,000 ಸಾಲ ಮಾಡಿ 200 ಗಂಟೆಯ ಶಿಕ್ಷಕರ ತರಬೇತಿ ಮುಗಿಸಿದೆ. ಸಾಲ ತೀರಲು 14 ತಿಂಗಳು. ಪಾಠ ಹೇಳುವ ಕೆಲಸ ಸಿಗಲಿಲ್ಲ. ನನಗೆ ದಕ್ಕಿದ್ದು ಅದೇ ಯಮದಲ್ಲಿ ಬರುವ ಸತ್ಯ ಒಂದೇ. ಮುಗಿಯದ ಕೆಲಸವನ್ನು ಮುಗಿದಿದೆ ಅಂತ ಮ್ಯಾನೇಜರ್‌ಗೆ ಹೇಳುವುದು ಬಿಟ್ಟೆ. ಬೈಸಿಕೊಂಡೆ, ಆ ವರ್ಷ ಸಂಬಳವೂ ಏರಲಿಲ್ಲ. ಆದರೆ ರಾತ್ರಿ ನಿದ್ದೆ ಬಂತು. ಇದಕ್ಕೆ 20 ನಿಮಿಷವೂ ಬೇಡ. ಮೇಷ್ಟ್ರೇ, ಮುಟ್ಟಾದಾಗ ಧ್ಯಾನಕ್ಕೂ ಕೂರಬೇಡ ಅಂತ ನಮ್ಮತ್ತೆ ಹೀಗೇ ತಡೆದರು. ಇಂಥ ಮಾತು ಕೇಳಿ ಸಾಕಾಗಿದೆ.

ಶಿವಮೊಗ್ಗದ ನಿವೃತ್ತ ಮೇಷ್ಟ್ರು: ಮುಟ್ಟಿನ ಮಾತು ನಾನು ಎತ್ತಲಿಲ್ಲಮ್ಮ. ನನ್ನ ಹೆಂಡತಿ ಹೋದಾಗ ಹತ್ತು ದಿನ ಜಪಮಣಿ ಮುಟ್ಟಲಿಲ್ಲ. ಆ ಹತ್ತು ದಿನ ಕೈಗೆ ಹಿಡಿಯಲು ಏನೂ ಇರಲಿಲ್ಲ. ಮೈಸೂರಿನವರು ಮಾಡಿದೆ ಅಂದರಲ್ಲ, ಅದಕ್ಕೇ ಕೇಳಿದೆ.