ಲಿಬರಲ್ ಆರ್ಟ್ಸ್ ಪದವಿಯ ನಂತರ ಎಂ.ಎ. ಮಾಡುವುದೋ, ಕೆಲಸಕ್ಕೆ ಸೇರುವುದೋ?

ಪ್ರಶ್ನೆ:
ಇತಿಹಾಸವನ್ನು ಮುಖ್ಯ ವಿಷಯವಾಗಿಯೂ ಸಮಾಜಶಾಸ್ತ್ರವನ್ನು ಉಪವಿಷಯವಾಗಿಯೂ ಓದುತ್ತಿರುವ ನಾನು ಈಗ ಅಂತಿಮ ವರ್ಷದಲ್ಲಿದ್ದೇನೆ. ಹಳೆಯ ಆಸ್ಪತ್ರೆಯೊಂದರ ರೋಗಿಗಳ ದಾಖಲೆ ಪುಸ್ತಕಗಳನ್ನು ಆರು ತಿಂಗಳು ಓದಿ ಪ್ರಬಂಧ ಬರೆದಿದ್ದೇನೆ. ಆದರೆ ಇತಿಹಾಸ ಓದಿದವರು ಬೇಕಾಗಿದ್ದಾರೆ ಎನ್ನುವ ಉದ್ಯೋಗ ಜಾಹೀರಾತು ಎಲ್ಲೂ ಕಾಣಿಸುತ್ತಿಲ್ಲ. ನೇರವಾಗಿ ಎಂ.ಎ.ಗೆ ಸೇರಬೇಕೇ, ಕಾನೂನಿನಂಥ ವೃತ್ತಿಶಿಕ್ಷಣಕ್ಕೆ ಹೋಗಬೇಕೇ, ಅಥವಾ ಸಿಕ್ಕ ಕೆಲಸ ಹಿಡಿಯಬೇಕೇ ಎಂಬುದು ತೋಚುತ್ತಿಲ್ಲ.

ಉತ್ತರ 1:
ಜಾಹೀರಾತಿನಲ್ಲಿ ನಿಮ್ಮ ವಿಷಯದ ಹೆಸರನ್ನು ಹುಡುಕಬೇಡಿ. ಅಲ್ಲಿ ಹೇಳಿರುವ ಕೆಲಸವನ್ನು ನೀವು ಈಗಾಗಲೇ ಎಲ್ಲಿ ಮಾಡಿದ್ದೀರಿ ಎಂದು ನೋಡಿ. ಆ ದಾಖಲೆ ಪುಸ್ತಕಗಳನ್ನೇ ತೆಗೆದುಕೊಳ್ಳಿ. ಒಬ್ಬ ಗುಮಾಸ್ತ ‘ಜ್ವರ’ ಎಂದಷ್ಟೇ ಬರೆದ ಕಡೆ ಇನ್ನೊಬ್ಬ ಕಾಯಿಲೆಯ ಹೆಸರನ್ನೇ ಬರೆದಿರುತ್ತಾನೆ. ಒಂದೇ ವ್ಯಕ್ತಿಯ ಹೆಸರು ಮೂರು ಬಗೆಯಲ್ಲಿರುತ್ತದೆ. ನಡುವಿನ ಪುಟಗಳು ಕಳೆದುಹೋಗಿರುತ್ತವೆ. ಇವನ್ನೆಲ್ಲ ಸರಿಹೊಂದಿಸಿ ಒಂದು ಪಟ್ಟಿಗೆ ತಂದಿದ್ದರೆ, ದತ್ತಾಂಶ ವಿಶ್ಲೇಷಕರ ದಿನದ ದೊಡ್ಡ ಪಾಲು ಯಾವುದಕ್ಕೆ ಹೋಗುತ್ತದೆಯೋ ಆ ಕೆಲಸವನ್ನೇ ನೀವು ಮಾಡಿದಂತಾಯಿತು. ರೆಸ್ಯೂಮೆಯಲ್ಲಿ ‘ಇತಿಹಾಸ ಪ್ರಬಂಧ’ ಎಂದು ಬರೆದು ಸುಮ್ಮನಾಗದೆ, ಎಷ್ಟು ನಮೂದುಗಳನ್ನು ಓದಿದಿರಿ, ಯಾವ ನಿಯಮದ ಮೇಲೆ ವಿಂಗಡಿಸಿದಿರಿ, ಏನು ಕಂಡುಕೊಂಡಿರಿ ಎಂಬುದನ್ನು ಎರಡು ಸಾಲಿನಲ್ಲಿ ಹೇಳಿ. ಇದರ ಜೊತೆಗೆ ಸ್ಪ್ರೆಡ್‌ಶೀಟನ್ನು ಚೆನ್ನಾಗಿ ಬಳಸಲು ಮತ್ತು ಎಸ್‌ಕ್ಯೂಎಲ್‌ನಲ್ಲಿ (ದತ್ತಸಂಚಯದಿಂದ ಬೇಕಾದ ಮಾಹಿತಿಯನ್ನು ಕೇಳಿ ಪಡೆಯುವ ಕಂಪ್ಯೂಟರ್ ಭಾಷೆ) ಸರಳ ಪ್ರಶ್ನೆಗಳನ್ನು ಬರೆಯಲು ಕಲಿತರೆ ಸಂಶೋಧನಾ ಸಂಸ್ಥೆಗಳು, ಪ್ರಕಾಶನ, ಪತ್ರಾಗಾರಗಳು, ನೀತಿ ಅಧ್ಯಯನ ಇವೆಲ್ಲದರ ಬಾಗಿಲು ತಟ್ಟಬಹುದು. ನಾನು ಒಳಗೆ ಬಂದದ್ದೂ ಹೀಗೆಯೇ.

ಉತ್ತರ 2:
ಮುಂದಿನ ಓದಿನ ವಿಷಯದಲ್ಲಿ ದೇಶದಿಂದ ದೇಶಕ್ಕೆ ದಾರಿ ಬೇರೆಯಾಗುತ್ತದೆ. ಅಮೆರಿಕದಲ್ಲಿ ಯಾವ ವಿಷಯದ ಪದವೀಧರರಾದರೂ 3 ವರ್ಷದ ಜೆ.ಡಿ. ಕಾನೂನು ಪದವಿಗೆ ಅರ್ಜಿ ಹಾಕಬಹುದು. ಬ್ರಿಟನ್ನಿನಲ್ಲಿ ಬೇರೆ ವಿಷಯ ಓದಿದವರಿಗಾಗಿಯೇ ಕಂಪ್ಯೂಟರ್ ವಿಜ್ಞಾನದಲ್ಲಿ 1 ವರ್ಷದ ಪರಿವರ್ತನಾ ಸ್ನಾತಕೋತ್ತರ ಕೋರ್ಸ್‌ಗಳಿವೆ. ಪಿಎಚ್.ಡಿ. ಗುರಿಯಿದ್ದರೆ ಒಂದು ಅಂಶವನ್ನು ಮುಖ್ಯವಾಗಿ ಗಮನಿಸಿ: ಅಮೆರಿಕದಲ್ಲಿ ಎಂ.ಎ. ಇಲ್ಲದೆಯೂ ಪಿಎಚ್.ಡಿ.ಗೆ ಸೇರಬಹುದು, ಮತ್ತು ಅನೇಕ ವಿಭಾಗಗಳು ಬೋಧನಾ ಸಹಾಯಕ ಕೆಲಸಕ್ಕೆ ಪ್ರತಿಯಾಗಿ ಶುಲ್ಕ ಮನ್ನಾ ಮಾಡಿ ಶಿಷ್ಯವೇತನ ಕೊಡುತ್ತವೆ, ಎಂ.ಎ.ಗಾದರೋ ಸಾಮಾನ್ಯವಾಗಿ ಕೈಯಿಂದಲೇ ಹಣ ಹಾಕಬೇಕು. ಜಿ.ಆರ್.ಇ. (ಸ್ನಾತಕೋತ್ತರ ಓದಿನ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಕೇಳುವ ಕಡೆ ಅರ್ಜಿ ಹಾಕುವುದಾದರೆ, 2023ರ ಸೆಪ್ಟೆಂಬರ್‌ನಿಂದ ಆ ಪರೀಕ್ಷೆ 2 ಗಂಟೆಗಿಂತ ಕಡಿಮೆ ಅವಧಿಗೆ ಇಳಿದಿದೆ, ಅಂಕಗಳಿಗೆ 5 ವರ್ಷ ಮಾನ್ಯತೆಯಿದೆ. ಆದ್ದರಿಂದ ಈಗ ಬರೆದಿಟ್ಟು ಎರಡು ವರ್ಷ ಕೆಲಸ ಮಾಡಿದರೂ ನಷ್ಟವಿಲ್ಲ.

ಉತ್ತರ 3:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಂ.ಎ. ಬಗ್ಗೆ ನಾನು ಇನ್ನೂ ಕಟುವಾಗಿಯೇ ಹೇಳುತ್ತೇನೆ. ಸಂದರ್ಶನಗಳಿಗೆ ಹೆದರಿ ನಾನು ಎಂ.ಎ.ಗೆ ಸೇರಿದೆ, ಎರಡು ವರ್ಷ ಕಳೆದ ಮೇಲೆ ಅದೇ ಹೆದರಿಕೆ ಅಲ್ಲೇ ಕಾದು ಕುಳಿತಿತ್ತು, ಜೊತೆಗೆ ಸಾಲವೊಂದು ಸೇರಿಕೊಂಡಿತ್ತು. ಯಾವ ಪ್ರಶ್ನೆಯನ್ನು ಬೆನ್ನತ್ತಿ ಓದಬೇಕೆಂಬುದು ಒಂದು ಪುಟದಲ್ಲಿ ಬರೆಯಲು ಬಂದರೆ ಸೇರಿ, ಬಾರದಿದ್ದರೆ ಕಾಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಎರಡು ವರ್ಷ ಬಿಟ್ಟು ಅರ್ಜಿ ಹಾಕುವುದಾದರೆ ಶಿಫಾರಸು ಪತ್ರಗಳನ್ನು ಯಾರಲ್ಲಿ ಕೇಳುವುದು? ಅಷ್ಟರಲ್ಲಿ ಅಧ್ಯಾಪಕರು ನನ್ನನ್ನು ಮರೆತಿರುವುದಿಲ್ಲವೇ?

ಉತ್ತರ 2:
ಕಾಲೇಜು ಬಿಡುವ ಮುನ್ನವೇ ನಿಮ್ಮ ಪ್ರಬಂಧದ ಮಾರ್ಗದರ್ಶಕರನ್ನು ಕಂಡು ವಿಷಯ ತಿಳಿಸಿ, ಅವರು ಟಿಪ್ಪಣಿ ಬರೆದುಕೊಟ್ಟ ಪ್ರತಿಯನ್ನು ಜೋಪಾನವಾಗಿಡಿ. ಮುಂದೆ ಪತ್ರ ಬೇಕಾದಾಗ, ಕಡೆಯ ದಿನಾಂಕಕ್ಕೆ ಕನಿಷ್ಠ ಒಂದು ತಿಂಗಳಿರುವಂತೆ ಆ ಪ್ರತಿಯನ್ನೂ ನಿಮ್ಮ ಉದ್ದೇಶ ಪತ್ರವನ್ನೂ ಜೊತೆಗಿಟ್ಟು ಕಳುಹಿಸಿದರೆ, ಅವರದೇ ಕೈಬರಹ ಕಂಡು ಅವರಿಗೆ ಎಲ್ಲವೂ ನೆನಪಾಗುತ್ತದೆ.