‘ಚೀಟರ್’ ಯೀಸ್ಟನ್ನು ‘ವಂಚಕ’ ಎನ್ನಬಹುದೇ?

ಗೆಳೆಯರೇ,

ಪಿಯುಸಿ ಮಕ್ಕಳಿಗಾಗಿ ವಿಕಾಸದ ಆಟ ಸಿದ್ಧಾಂತದ ಬಗ್ಗೆ ಬರೆಯುತ್ತಿದ್ದೇನೆ. ಒಂದು ಜೀವಿಯ ಬದುಕಿನ ಬಗೆಗೆ ಸಿಗುವ ಲಾಭ, ಸುತ್ತಲಿನ ಜೀವಿಗಳು ಹೇಗೆ ಬದುಕುತ್ತವೆ ಎಂಬುದರ ಮೇಲೆ ನಿಂತಿದೆ ಎನ್ನುವ ವಿಚಾರ ಅದು. ‘ಚೀಟರ್’ ಎಂಬ ಇಂಗ್ಲಿಷ್ ಪದಕ್ಕೆ ಒಪ್ಪುವ ಕನ್ನಡ ಸಿಗದೆ ಬರವಣಿಗೆ ನಿಂತಿದೆ.

ಸಂದರ್ಭ ಹೀಗಿದೆ. ಬ್ರೆಡ್ಡಿಗೆ ಹಾಕುವ ಯೀಸ್ಟ್, ಇನ್ವರ್ಟೇಸ್ ಎಂಬ ಕಿಣ್ವ ತಯಾರಿಸಿ, ಕೋಶದ ಅಂಚಿನಲ್ಲೇ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಒಡೆದದ್ದರಲ್ಲಿ ಸುಮಾರು ಶೇ. 99ರಷ್ಟು ಸುತ್ತಲಿನ ದ್ರವಕ್ಕೆ ಸೋರಿಹೋಗುತ್ತದೆ, ಒಡೆದ ಕೋಶಕ್ಕೆ ದಕ್ಕುವುದು ಶೇ. 1 ಮಾತ್ರ. ಆ ಕಿಣ್ವದ ಜೀನೇ ಇಲ್ಲದ ಯೀಸ್ಟ್ ಏನೂ ಖರ್ಚು ಮಾಡದೆ ಸೋರಿದ್ದನ್ನು ಉಂಡು ಬೆಳೆಯುತ್ತದೆ. ಅದಕ್ಕೆ ಚೀಟರ್ ಎಂದು ಹೆಸರು. ವಿಜ್ಞಾನಿ ಜೆಫ್ ಗೋರ್ ಮತ್ತು ಸಂಗಡಿಗರು ಎರಡನ್ನೂ ಬೆರೆಸಿ ಬೆಳೆಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು: ಎರಡೂ ಉಳಿದುಕೊಂಡವು. ಕಿಣ್ವ ಮಾಡುವವು ವಿರಳವಾದಾಗ ಆ ಶೇ. 1ರ ಬಲದಿಂದಲೇ ಅವು ಚೇತರಿಸಿಕೊಳ್ಳುತ್ತವೆ. ಅವು ಹೆಚ್ಚಾದರೆ ಇನ್ನೊಂದಕ್ಕೆ ಸುಗ್ಗಿ. ಒಂದೇ ಸಮುದಾಯದಲ್ಲಿ ಎರಡು ಬಗೆಯ ಬದುಕು ನಿಲ್ಲುವುದು ಹೀಗೆ.

‘ವಂಚಕ’, ‘ಮೋಸಗಾರ’ ನನಗೆ ಒಪ್ಪಿಗೆಯಿಲ್ಲ. ಮೋಸವಾಗಲು ಮೊದಲು ನಂಬಿಕೆ ಇರಬೇಕು. ಇಲ್ಲಿ ಯಾರು ಯಾರನ್ನು ನಂಬಿದ್ದರು? ಜೊತೆಗೆ, ವಂಚಕ ಎಂದೊಡನೆ ಅದು ತೊಲಗಬೇಕಾದದ್ದು ಎಂದು ಮಕ್ಕಳು ಎಣಿಸುತ್ತಾರೆ. ಈ ಪ್ರಯೋಗ ಹೇಳುವುದು ಅದನ್ನಲ್ಲ. ‘ಪರಾವಲಂಬಿ’ ಪಠ್ಯಪುಸ್ತಕಗಳಲ್ಲಿ ಪ್ಯಾರಸೈಟಿಗೆ ಸಂದುಹೋಗಿದೆ.

ನನ್ನ ಒಲವು ‘ಬಿಟ್ಟಿ’ಯ ಕಡೆಗೆ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಮಾತಿಗೆ ಕೂಲಿಯಿಲ್ಲದ ದುಡಿಮೆ ಎಂಬ ಹಳೆಯ ಅರ್ಥವಿದೆ, ಕಾಸಿಲ್ಲದೆ ಸಿಕ್ಕಿದ್ದು ಎಂಬ ಈಗಿನ ಅರ್ಥವೂ ಇದೆ. ಬಿಟ್ಟಿ ಚಾಕರಿ, ಬಿಟ್ಟಿ ಊಟ: ಈ ಯೀಸ್ಟ್ ಕಥೆಯ ಎರಡೂ ಪಾತ್ರಗಳು ಒಂದೇ ಪದದೊಳಗಿವೆ! ಆದರೆ ‘ಬಿಟ್ಟಿಯುಣ್ಣಿ’ ಎಂದರೆ ದನದ ಮೈಗೆ ಕಚ್ಚುವ ಉಣ್ಣಿಯ ನೆನಪಾಗಿ ಮತ್ತೆ ಪರಾವಲಂಬಿಗೇ ಮರಳುತ್ತೇವೆ. ಹಾಗಾಗಿ ಸದ್ಯಕ್ಕೆ ‘ಬಿಟ್ಟಿ ಉಣ್ಣುವ ಯೀಸ್ಟ್’ ಎಂದು ಬರೆದಿದ್ದೇನೆ. ಅದರ ಗುಣವನ್ನು ತೂಗದೆ ಕೆಲಸವನ್ನಷ್ಟೇ ಹೇಳುತ್ತದೆ ಎಂಬುದು ನನ್ನ ಸಮರ್ಥನೆ. ವಾಕ್ಯ ಉದ್ದವಾಗುತ್ತದೆ, ನಿಜ.

ಕೇಳಬೇಕಾದ್ದು ಎರಡು. ನಿಮ್ಮ ಕಡೆ ‘ಬಿಟ್ಟಿ’ ಬೈಗುಳದಂತೆ ಕೇಳಿಸುತ್ತದೆಯೇ, ಹಾಗಿದ್ದರೆ ‘ಪುಕ್ಕಟೆ’ ಮೆದುವಾದೀತೇ? ಇನ್ನೊಂದು, ಈ ಸಿದ್ಧಾಂತದಲ್ಲಿ ಜೀವಿಯ ಬದುಕಿನ ಬಗೆಗೆ ಇರುವ ‘ಸ್ಟ್ರಾಟೆಜಿ’ ಎಂಬ ಹೆಸರಿಗೆ ಎಲ್ಲರೂ ‘ತಂತ್ರ’ ಎನ್ನುತ್ತಾರೆ. ಮನಸ್ಸೇ ಇಲ್ಲದ ಜೀವಿಗೆ ‘ವರಸೆ’ ಹೆಚ್ಚು ಹೊಂದುತ್ತದೆ ಎನ್ನಿಸುತ್ತದೆ. ಯಾರಾದರೂ ಹೀಗೆ ಬಳಸಿದ್ದು ಕಂಡಿದ್ದರೆ ದಯವಿಟ್ಟು ತಿಳಿಸಿ.